ಬಳೇಪೇಟೆ ಅಕ್ಕನ ಮನೆಯ ಸರದಿ

ಮನೆಕೂಟಕ್ಕೆ ನಾನು ಸೇರಿದ್ದು ಭಕ್ತಿ ಉಕ್ಕಿ ಬಂದು ಅಲ್ಲ, ಬೇರೆಯವರ ಮನೆ ಒಳಗೆ ಹೇಗಿರುತ್ತದೆ ಎಂದು ನೋಡುವ ಆಸೆಯಿಂದ. ಇದನ್ನು ನಮ್ಮ ಚರ್ಚಿನ ಸಭಾಪಾಲಕರ ಮುಂದೆಯೇ ಹೇಳಿದ್ದೇನೆ. ಅವರನ್ನು ನಾವೆಲ್ಲ ಅಯ್ಯನವರು ಎನ್ನುತ್ತೇವೆ. ಅಯ್ಯನವರು ನಕ್ಕು, "ಯಾವ್ ನೆಪಕ್ಕಾದ್ರೂ ಬನ್ನಿ. ಆದ್ರೆ ಕೂಟದಲ್ಲಿ ಪಾಲಿಸಿ ಮಾತು ಎತ್ಬೇಡಿ" ಎಂದರು. ನಾನು ವಿಮೆ ಏಜೆಂಟು. ಚಾಮರಾಜಪೇಟೆಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಬಸವನಗುಡಿಯಿಂದ ಕಾಟನ್‌ಪೇಟೆಯವರೆಗೆ ಸ್ಕೂಟರಿನಲ್ಲಿ ಅಲೆದವಳು. ಎಷ್ಟೋ ಜನರ ಮನೆಯ ಹಾಲ್‌ನಲ್ಲಿ ಕೂತಿದ್ದೇನೆ, ಹಾಲ್ ದಾಟಿ ಒಳಗೆ ಹೋದದ್ದು ಕಡಿಮೆ. ಏಜೆಂಟಿಗೆ ಸೋಫಾದ ತುದಿ, ಒಂದು ಲೋಟ ನೀರು, ಅಷ್ಟೇ. ಅಡುಗೆಮನೆಯ ಕಡೆ ಸ್ವಲ್ಪ ಕತ್ತು ಚಾಚಿದರೆ ಪರದೆ ಎಳೆದುಬಿಡುತ್ತಾರೆ.

ಮನೆಕೂಟದಲ್ಲಿ ಹಾಗಲ್ಲ. ಕೊರೊನಾ ಕಾಲದಲ್ಲಿ ಚರ್ಚಿನ ಬಾಗಿಲು ಮುಚ್ಚಿ, ಮೊಬೈಲಿನಲ್ಲಿ ಆರಾಧನೆ ನೋಡುವುದು ಅಭ್ಯಾಸವಾಗಿತ್ತು. ಬಾಗಿಲು ತೆರೆದ ಮೇಲೂ ಜನ ಒಬ್ಬರನ್ನೊಬ್ಬರು ಮರೆತವರ ಹಾಗೆ ಬೆಂಚಿನ ಎರಡು ತುದಿಗಳಲ್ಲಿ ಕೂರುತ್ತಿದ್ದರು. ಆಗ ಅಯ್ಯನವರು ಸಭೆಯನ್ನು ಬಡಾವಣೆಗಳ ಲೆಕ್ಕದಲ್ಲಿ ಹಂಚಿ, ವಾರಕ್ಕೊಂದು ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಬೇಕು ಎಂದು ಹೇಳಿದರು. ಹಾಡು, ಬೈಬಲ್ ವಾಕ್ಯ ಓದುವುದು, ಪ್ರಾರ್ಥನೆ, ಕೊನೆಗೆ ಕಾಫಿ ಮತ್ತು ಒಂದೇ ಒಂದು ತಿಂಡಿ. ಒಂದೇ ತಿಂಡಿ ಎಂದು ಒತ್ತಿ ಹೇಳಿದ್ದರು, ಮನೆಮನೆಗೂ ಪೈಪೋಟಿ ಶುರುವಾಗಬಾರದೆಂದು. ಮೊದಲ ವಾರ ಖಾರಾಬಾತ್ ಬಂತು. ಎರಡನೆಯ ವಾರ ಖಾರಾಬಾತಿನ ಪಕ್ಕದಲ್ಲಿ ಕೇಸರಿಬಾತ್ ಕೂತಿತ್ತು. ಆಮೇಲೆ ಆ ನಿಯಮದ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮ ಗುಂಪಿಗೆ ಒಂದು ಹಳೆಯ ಜಮಖಾನ ಇತ್ತು, ಅಯ್ಯನವರೇ ಚರ್ಚಿನ ಕೋಣೆಯಿಂದ ತೆಗೆಸಿಕೊಟ್ಟದ್ದು. ಕೂಟ ಮುಗಿದ ಮೇಲೆ ಅದನ್ನು ಸುತ್ತಿ, ಹಾಡಿನ ಪುಸ್ತಕಗಳ ಚೀಲದ ಜೊತೆಗೆ ಮುಂದಿನ ಮನೆಯವರ ಕೈಗೆ ಕೊಡುವುದು ರೂಢಿಯಾಯಿತು. ಜಮಖಾನ ಯಾರ ಮನೆಗೆ ಹೋಯಿತೋ ಮುಂದಿನ ಶುಕ್ರವಾರ ಅವರ ಮನೆ. ಹೀಗೆ ನಾನು ಬಸವನಗುಡಿಯ ಕಾಂಪೌಂಡ್ ಮನೆಯನ್ನೂ ನೋಡಿದೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕಾದ ಚಾಮರಾಜಪೇಟೆಯ ವಠಾರದ ಮನೆಯನ್ನೂ ನೋಡಿದೆ. ಯಾರ ಮನೆಯ ಫ್ರಿಜ್ ಹಾಲ್‌ನಲ್ಲಿದೆ, ಯಾರು ಮಗಳ ಮದುವೆಯ ಫೋಟೊ ತೆಗೆದು ಒಳಗಿಟ್ಟಿದ್ದಾರೆ, ಎಲ್ಲ ಗೊತ್ತಾಯಿತು. ಅದಕ್ಕಿಂತ ಹೆಚ್ಚು ಗೊತ್ತಾದದ್ದು ಪ್ರಾರ್ಥನೆಯಲ್ಲಿ. ಪಾಲಿಸಿ ಮಾಡಿಸುವಾಗ ನನ್ನ ಮುಂದೆ ಬಿ.ಪಿ. ಇಲ್ಲವೇ ಇಲ್ಲ ಎಂದಿದ್ದ ಒಬ್ಬರು ಇಲ್ಲಿ ಬಿ.ಪಿ. ಇಳಿಯಲಿ ಎಂದು ಪ್ರಾರ್ಥನೆ ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.

ಎಲ್ಲರ ಮನೆಯನ್ನೂ ನೋಡಿದೆ, ಒಂದನ್ನು ಬಿಟ್ಟು. ಅದು ಬಳೇಪೇಟೆ ಅಕ್ಕನ ಮನೆ. ಆಕೆ ನನಗಿಂತ ಸ್ವಲ್ಪ ದೊಡ್ಡವರು. ನಮ್ಮ ಸಭೆಯಲ್ಲೇ ಬೆಳೆದವರು. ಮದುವೆಯಾದದ್ದು ಬಳೇಪೇಟೆಯಲ್ಲಿ ಬಳೆಗಳ ಸಗಟು ಅಂಗಡಿ ಇಟ್ಟಿದ್ದ ಲಿಂಗಾಯತರ ಮನೆಗೆ, ಇಬ್ಬರೂ ಮೆಚ್ಚಿ ಆದ ಮದುವೆ. ಗಂಡ, ಅತ್ತೆ ಇದ್ದಾರೆ, ಮನೆ ಅಂಗಡಿಯ ಮೇಲೆಯೇ ಇದೆ, ಇಷ್ಟು ಗೊತ್ತಿತ್ತು. ಒಂದು ಶುಕ್ರವಾರವೂ ತಪ್ಪಿಸುತ್ತಿರಲಿಲ್ಲ. ಯಾರ ಮನೆಗೆ ಬಂದರೂ ಕಾಫಿ ಆದ ತಕ್ಷಣ ಲೋಟಗಳನ್ನೆಲ್ಲ ಬಾಚಿಕೊಂಡು ಸಿಂಕಿನ ಮುಂದೆ ನಿಂತುಬಿಡುವರು. ಬೇಡ ಎಂದರೆ ಕೇಳುವವರಲ್ಲ. "ತಿಂದಿದೀನಲ್ಲ, ಇಷ್ಟಾದ್ರೂ ಮಾಡ್ತೀನಿ ಬಿಡಿ" ಎನ್ನುವರು. ನಮ್ಮೆಲ್ಲರ ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂದು ಆಕೆಗೆ ಗೊತ್ತಿತ್ತು. ಆಕೆಯ ಅಡುಗೆಮನೆ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಯಾಕೆಂದರೆ ಸರದಿ ಆಕೆಯ ಹತ್ತಿರ ಬಂದಾಗಲೆಲ್ಲ ಜಮಖಾನ ಆಕೆಯನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಇದನ್ನು ನಡೆಸುತ್ತಿದ್ದವರು ನಮ್ಮ ಕೂಟದ ಹಿರಿಯರು. ಅಚ್ಚುಕೂಟದಲ್ಲಿ ಕೆಲಸ ಮಾಡಿ ನಿವೃತ್ತರಾದವರಾದ್ದರಿಂದ ಅವರನ್ನು ಪ್ರೆಸ್ ಅಂಕಲ್ ಎನ್ನುತ್ತಿದ್ದೆವು. ಎಲ್ಲದರಲ್ಲೂ ನಿಧಾನದ ಮನುಷ್ಯ, ಒಂದು ವಾಕ್ಯ ಓದಿ ಕನ್ನಡಕ ಒರೆಸಿಕೊಂಡು ಇನ್ನೊಂದು ವಾಕ್ಯಕ್ಕೆ ಹೋಗುವವರು. ಆದರೆ ಅಕ್ಕನ ಸರದಿ ಬಂದ ದಿನ ಮಾತ್ರ ಆಮೆನ್ ಮುಗಿಯುವ ಮುಂಚೆಯೇ "ಮುಂದಿನ್ ವಾರ ನಮ್ಮನೇಲೇ ಇಟ್ಕೊಳೋಣ" ಎಂದುಬಿಡುವರು. ಒಂದು ಸಲ ನಾನು ಪಕ್ಕಕ್ಕೆ ಕರೆದು ಕೇಳಿದೆ. "ಅವರ ಮನೇಲಿ ಬೇರೆ ಪದ್ಧತಿ. ಕಾಲಾನೂ ಸರಿ ಇಲ್ಲ. ನಾವು ಹೋಗಿ ಹಾಡು ಹೇಳಿ, ಅಕ್ಕಪಕ್ಕದೋರು ಏನಾದ್ರೂ ಅಂದ್ರೆ ಆ ಹೆಣ್ಮಗಳು ಅನುಭವಿಸಬೇಕು" ಎಂದರು. ಸರಿ ಎನ್ನಿಸಿತು. ನಾವೆಲ್ಲ ಆಕೆಯ ಒಳ್ಳೆಯದಕ್ಕೇ ಹೀಗೆ ಮಾಡುತ್ತಿದ್ದೇವೆ ಎಂದು ಒಳಗೊಳಗೇ ಬೀಗುತ್ತಲೂ ಇದ್ದೆವು.

ಒಂದು ಶುಕ್ರವಾರ ನಮ್ಮ ಮನೆಯಲ್ಲೇ ಕೂಟ. ಮುಗಿದ ಮೇಲೆ ನಾನು ಜಮಖಾನ ಸುತ್ತುತ್ತಿದ್ದೆ. ಅಕ್ಕ ಸಿಂಕಿನ ಹತ್ತಿರದಿಂದ ಕೈ ಒರೆಸಿಕೊಳ್ಳುತ್ತಾ ಬಂದು ಅದರ ಇನ್ನೊಂದು ತುದಿ ಹಿಡಿದರು. "ಈ ಸಲ ನಾನು ತಗೊಂಡ್ ಹೋಗ್ಲಾ?" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು. ಪ್ರೆಸ್ ಅಂಕಲ್ ಕನ್ನಡಕ ತೆಗೆದರು. "ಬೇಡಮ್ಮ, ನಿಮಗ್ಯಾಕೆ ತೊಂದ್ರೆ. ನಮ್ಮನೇಲೇ ಆಗ್ಲಿ" ಎಂದರು. ಅಕ್ಕ ತುದಿಯನ್ನು ಬಿಟ್ಟರು. ಏನೂ ಆಗದವರ ಹಾಗೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು.

ಮುಂದಿನ ವಾರ ಆಕೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಭಾನುವಾರ ಚರ್ಚಿನಲ್ಲೂ ಕಾಣಲಿಲ್ಲ. ಫೋನ್ ಮಾಡಿದರೆ "ಮೈಗೆ ಹುಷಾರಿಲ್ಲ" ಎಂಬ ಒಂದೇ ಉತ್ತರ. ಕೂಟದಲ್ಲಿ ಆಕೆಯ ಆರೋಗ್ಯಕ್ಕಾಗಿ ಪ್ರಾರ್ಥನೆ ಮಾಡಿದೆವು. ನನಗೆ ಮಾತ್ರ ಒಳಗೆ ಕೊರೆಯುತ್ತಿತ್ತು. ಹುಷಾರಿಲ್ಲದವರ ದನಿ ಹಾಗಿರುವುದಿಲ್ಲ. ಏಜೆಂಟ್ ಕೆಲಸ ಮಾಡಿದವರಿಗೆ ಆಮೇಲೆ ಫೋನ್ ಮಾಡ್ತೀನಿ ಎನ್ನುವವರ ದನಿ ಚೆನ್ನಾಗಿ ಪರಿಚಯ.

ಒಂದು ಮಧ್ಯಾಹ್ನ ನಾದಿನಿಯ ಮಗಳ ಮದುವೆಗೆ ಬಳೆ ಬೇಕು ಎಂಬ ನೆಪ ಮಾಡಿಕೊಂಡು ಬಳೇಪೇಟೆಗೆ ಹೋದೆ. ಮದುವೆಯೇನೋ ನಿಜ, ಬಳೆಯನ್ನು ಗಾಂಧಿ ಬಜಾರಿನಲ್ಲೇ ತೆಗೆದುಕೊಂಡಾಗಿತ್ತು. ಕೈಗಾಡಿಗಳ ನಡುವೆ ಸ್ಕೂಟರ್ ನುಗ್ಗಿಸಿ ಅಂಗಡಿ ಹುಡುಕಿದೆ. ಗಲ್ಲಾದಲ್ಲಿ ಕೂತಿದ್ದ ಅಕ್ಕನ ಗಂಡ ನನ್ನನ್ನು ನೋಡಿ, ಯಾರೆಂದು ಕೇಳಿ ತಿಳಿದು, ಬಳೆ ತೋರಿಸಲೇ ಇಲ್ಲ. "ಅವಳು ಗಿರಣಿಗೆ ಹೋಗಿದಾಳೆ, ಬರ್ತಾಳೆ. ಮೇಲ್ಗಡೆ ಅಮ್ಮ ಇದಾರೆ, ಹೋಗಿ ಕೂತಿರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಅತ್ತೆ ಸೊಸೆ ಮಾತು ಬಿಟ್ಟಿದಾರೆ. ಮನೇಲಿ ನಾನೇ ಪೋಸ್ಟ್‌ಮ್ಯಾನ್" ಎಂದರು.

ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಉದ್ದನೆಯ ಹಜಾರ. ಕಿಟಕಿಯ ಹತ್ತಿರ ಮಂಚದ ಮೇಲೆ ಒಬ್ಬ ಅಜ್ಜಿ, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯೊಳಗಿನ ಲಿಂಗ. ನಾನು ಸುತ್ತ ನೋಡುವ ಮೊದಲೇ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಗಿಸಿದ್ದರು. ನನಗಿಂತ ಕುತೂಹಲದವರು ಇದ್ದಾರೆ ಎಂದು ನನಗೆ ಗೊತ್ತಾದದ್ದು ಅವತ್ತೇ.

"ನೀನೂ ಆ ಶುಕ್ರವಾರದವಳಾ?" ಎಂದು ಕೇಳಿದರು.

ಹೌದು ಎಂದೆ.

"ಎಷ್ಟು ಜನ ಸೇರ್ತೀರಾ? ಯಾರು ಅಡುಗೆ ಮಾಡೋದು? ಗಂಡಸರೂ ಹಾಡ್ತಾರಾ? ದುಡ್ಡು ಏನಾದ್ರೂ ತಗೋತಾರಾ?"

ಒಂದೊಂದಕ್ಕೂ ಉತ್ತರ ಹೇಳಿದೆ. ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿಸಿಕೊಂಡು, ಆಮೇಲೆ ನಿಜವಾಗಿ ಕೇಳಬೇಕಾದದ್ದನ್ನು ಕೇಳಿದರು. "ನನ್ ಸೊಸೆ ನಿಮ್ಮೆಲ್ಲರ ಮನೇಲೂ ತಿಂದು ಬಂದಿದಾಳೆ. ಖಾರಾಬಾತ್ ಮಾಡಿದ್ರು, ದೋಸೆ ಮಾಡಿದ್ರು ಅಂತ ಬಂದು ಹೇಳ್ತಿದ್ಲು. ಅದಕ್ಕೆ ಮುಯ್ಯಿ ತೀರಿಸೋದು ಬೇಡ್ವಾ ನಾವು? ಕರ್ಕೊಂಡ್ ಬಾ, ನಾನೇ ನಿಂತು ಒಬ್ಬಟ್ಟು ಮಾಡಿಸ್ತೀನಿ ಅಂತ ಎಷ್ಟು ಸಲ ಹೇಳಿದೀನಿ. ಇನ್ನೂ ನಮ್ ಸರದಿ ಬಂದಿಲ್ಲ ಅತ್ತೆ ಅಂತಾಳೆ. ಅದೇನು ಸರದೀನೋ. ಅವಳಿಗೆ ಈ ಮನೆ ತೋರ್ಸೋಕೆ ನಾಚ್ಕೆ. ಅದಕ್ಕೇ ಮಾತು ಬಿಟ್ಟೆ."

ನಾನು ಏನು ಹೇಳಬೇಕು ಎಂದು ಯೋಚಿಸುವಷ್ಟರಲ್ಲಿ ಅಜ್ಜಿಯೇ ಮುಂದುವರಿಸಿದರು. "ಇಲ್ಲಾಂದ್ರೆ ನಿಮ್ಮೋರಿಗೇ ನಮ್ಮನೆ ಊಟ ಆಗೋದಿಲ್ವೋ ಏನೋ. ಮದುವೇಲಿ ನೋಡಿದೀನಲ್ಲ. ಸಾಲು ಸಾಲು ಎಲೆ ಹಾಕ್ಸಿದ್ದೆ. ಎಡೆ ಮಾಡಿ ತಂದ ಅಡುಗೆ ಅಂತ ಗೊತ್ತಾದ ತಕ್ಷಣ ಅವರ ಕಡೆಯೋರು ಒಬ್ರು ಎದ್ರು. ಅವರ ಹಿಂದೆ ಎಲ್ಲಾರೂ ಎದ್ರು. ಬಡಿಸಿದ ಎಲೆ ಹಾಗೇ ಇತ್ತು. ಇವಳು ಹಸೆ ಮೇಲೆ ಕೂತು ನೋಡ್ತಿದ್ಲು."

ಲಿಂಗಕ್ಕೆ ತೋರಿಸದೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬೇರೆ ದೇವರಿಗೆ ತೋರಿಸಿದ್ದನ್ನು ತಿನ್ನಬಾರದೆಂದು ನಮ್ಮಲ್ಲಿ ಅನೇಕರು ಗಟ್ಟಿಯಾಗಿ ನಂಬಿದ್ದಾರೆ. ಎರಡೂ ನನಗೆ ಮೊದಲಿಂದ ಗೊತ್ತು. ಆ ಎರಡರ ನಡುವೆ ಒಬ್ಬ ಮದುಮಗಳು ಕೂತಿದ್ದಳು ಎಂಬುದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಅಕ್ಕ ಹಿಟ್ಟಿನ ಡಬ್ಬಿ ಹಿಡಿದು ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ಏನೂ ಹೇಳಬೇಡಿ ಎಂದು ಕಣ್ಣಿನಲ್ಲೇ ಬೇಡಿಕೊಂಡರು. ಇಷ್ಟು ದಿನ ಅತ್ತೆಯ ಹತ್ತಿರ ನಮ್ಮ ಮಾನ ಕಾಪಾಡಿದ್ದರು, ನಮ್ಮ ಹತ್ತಿರ ಅತ್ತೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಎರಡೂ ಕಡೆಯ ನೋವನ್ನು ತಾವೇ ನುಂಗಿಕೊಂಡಿದ್ದರು. ನನಗೆ ನಮ್ಮೆಲ್ಲರ ಮೇಲೂ ಸಿಟ್ಟು ಬಂತು. ಬಾಯಿಗೆ ಬಂದದ್ದನ್ನು ತಡೆಯುವ ಅಭ್ಯಾಸ ನನಗಿಲ್ಲ.

"ಅಮ್ಮ, ಅವರು ಕೇಳಿದ್ರು. ಎಲ್ಲರ ಮುಂದೇನೇ ಕೇಳಿದ್ರು. ಬೇಡ ಅಂದಿದ್ದು ನಾವು. ನಿಮಗೆ ಕಷ್ಟ ಆಗುತ್ತೆ ಅಂದ್ಕೊಂಡ್ವಿ" ಎಂದೆ.

ಅಜ್ಜಿ ಸೊಸೆಯ ಕಡೆ ತಿರುಗಿದರು. "ಕೇಳಿದ್ದೆ ಅಂತ ಒಂದ್ ಮಾತು ಹೇಳ್ಬಾರ್ದಾಗಿತ್ತಾ?" ಎಂದರು. ಅಕ್ಕ ತಲೆ ತಗ್ಗಿಸಿದರು. "ನಿಂತ್ಕೊಂಡೇ ಇರ್ತೀಯಾ? ಕಾಫಿ ಇಡು ಹೋಗು, ಬಂದೋರು ಹಾಗೇ ಕೂತಿದಾರೆ" ಎಂದರು ಅಜ್ಜಿ.

ಅಡುಗೆಮನೆಗೆ ನಾನೂ ಹಿಂದೆ ಹೋದೆ. ಅಕ್ಕ ಹಾಲು ಕಾಯಿಸುತ್ತಾ ಮೆಲ್ಲಗೆ ಹೇಳಿದರು. "ಅತ್ತೆ ಮದುವೆ ಮಾತು ಹೇಳಿರ್ಬೇಕಲ್ಲ. ಅವತ್ತು ಮೊದಲು ಎದ್ದೋರು ಯಾರು ಗೊತ್ತಾ? ಪ್ರೆಸ್ ಅಂಕಲ್. ನಮ್ಮಪ್ಪನ ಸ್ನೇಹಿತರು. ಅವರು ಏಳದೇ ಇದ್ದಿದ್ರೆ ಬೇರೆ ಯಾರೂ ಏಳ್ತಿರ್ಲಿಲ್ಲ." ಉಕ್ಕಿ ಬಂದ ಹಾಲನ್ನು ಇಳಿಸಿ, "ನನಗೆ ಅವರ ಮೇಲೆ ಕೋಪ ಇಲ್ಲ. ನನ್ನ ಜನ ನನ್ ಮನೇಲಿ ಒಂದ್ ಸಲ ಕೂತು ಊಟ ಮಾಡ್ಬೇಕು, ಅಷ್ಟೇ. ಅದಾಗಲಿಲ್ಲ ಅಂದ್ರೆ ನಾನು ಎಲ್ಲರ ಮನೆಗೆ ಬಂದು ಹಾಡು ಹೇಳಿ ಏನು ಪ್ರಯೋಜನ?" ಎಂದರು.

ಅಲ್ಲಿಂದ ನಾನು ನೇರ ಪ್ರೆಸ್ ಅಂಕಲ್ ಮನೆಗೆ ಹೋದೆ. ಜಗಳ ಆಡಲೆಂದೇ ಹೋದದ್ದು. ಆದರೆ ಬಳೇಪೇಟೆಗೆ ಹೋಗಿದ್ದೆ ಎಂದ ತಕ್ಷಣ ಅವರು ಕುರ್ಚಿಯಲ್ಲಿ ಕುಸಿದು ಕೂತರು. ಅಕ್ಕಪಕ್ಕದವರ ಮಾತು, ಕಾಲದ ಮಾತು ಏನೂ ಎತ್ತಲಿಲ್ಲ. "ಅವತ್ತು ಮಾಡಿದ್ದು ಸರಿ ಅಂತಲೇ ಅಂದ್ಕೊಂಡಿದ್ದೆ. ಆಮೇಲೆ ಆ ಮಗು ಮುಖ ನೆನಪಾಗೋದು. ಆ ಮೆಟ್ಟಿಲು ಹತ್ತೋಕೆ ನನಗೆ ಮುಖ ಇಲ್ಲಮ್ಮ" ಎಂದರು. ಜಗಳಕ್ಕೆ ಬಂದಿದ್ದ ನನಗೆ ಅವರನ್ನು ನೋಡಿ ಪಾಪ ಎನ್ನಿಸಿತು. ಆದರೂ ಬಿಡಲಿಲ್ಲ. "ನಿಮಗೆ ಮುಖ ಇಲ್ಲ ಅಂತ ಅವರನ್ನ ಯಾಕೆ ಹೊರಗಿಡ್ತೀರಾ?" ಎಂದೆ.

ಆ ಶುಕ್ರವಾರದ ಕೂಟದಲ್ಲಿ ಹಾಡು ಕಡಿಮೆ, ಮಾತು ಜಾಸ್ತಿ. ಅಜ್ಜಿ ಕರೆದದ್ದನ್ನು ನಾನು ಎಲ್ಲರಿಗೂ ಹೇಳಿದೆ. ಎಡೆ ಮಾಡಿದ ಊಟ ಮಾಡಬಹುದೇ, ಮಾಡಬಾರದೇ ಎಂದು ಎಲ್ಲರೂ ಒಂದೊಂದು ವಾಕ್ಯ ತೆಗೆದು ಓದಿದರು. ಶಾಲೆಯಲ್ಲಿ ಪಾಠ ಮಾಡುವ ನಮ್ಮ ಟೀಚರಮ್ಮ, "ಪ್ರೀತಿ ಬೇರೆ, ನಂಬಿಕೆ ಬೇರೆ. ನಾನು ಬರ್ತೀನಿ, ಊಟ ಮಾತ್ರ ಮಾಡೋದಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಅವರನ್ನು ತಪ್ಪು ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ನಂಬಿದ್ದನ್ನು ಹೇಳಿದರು. ಪ್ರೆಸ್ ಅಂಕಲ್ ಯಾವ ವಾಕ್ಯವನ್ನೂ ಓದಲಿಲ್ಲ. ಕೂಟ ಮುಗಿದ ಮೇಲೆ ತಾವೇ ಜಮಖಾನ ಸುತ್ತಿ, ಆಟೋ ಹಿಡಿದು, ಅದನ್ನು ಬಳೇಪೇಟೆಯ ಅಂಗಡಿಗೆ ಮುಟ್ಟಿಸಿ ಬಂದರು. ಮೆಟ್ಟಿಲು ಹತ್ತಲಿಲ್ಲವಂತೆ, ಗಲ್ಲಾದ ಹತ್ತಿರ ಇಟ್ಟು ಬಂದರಂತೆ.

ಮುಂದಿನ ಶುಕ್ರವಾರ ಅಂಕಲ್ ಆ ಮೆಟ್ಟಿಲನ್ನು ಹತ್ತಲೇಬೇಕಾಯಿತು. ಅಕ್ಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೈ ಹಿಡಿದು ಒಳಗೆ ಕರೆದುಕೊಂಡರು. ಅಂಕಲ್ ಎಲ್ಲರ ಹಿಂದೆ ಬಂದು ಗೋಡೆಗೆ ಒರಗಿ ಕೂತರು. ಅಜ್ಜಿ ಅವರನ್ನು ಗುರುತು ಹಿಡಿದರು ಎಂಬುದು ನನಗೆ ತಕ್ಷಣ ತಿಳಿಯಿತು, ಯಾಕೆಂದರೆ ಅವರೊಬ್ಬರನ್ನು ಮಾತ್ರ ಏನೂ ಕೇಳಲಿಲ್ಲ. ಮಿಕ್ಕವರನ್ನೆಲ್ಲ ಊರು, ಕೆಲಸ, ಮಕ್ಕಳು ಎಂದು ವಿಚಾರಿಸಿ ಮುಗಿಸಿದ ಮೇಲೆ ಹಾಡು ಶುರುವಾಯಿತು. ಅಜ್ಜಿ ಹಾಡಿಗೆ ತೊಡೆಯ ಮೇಲೆ ತಾಳ ಹಾಕಿದರು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ. "ಎಲ್ಲಾರೂ ಯಾಕೆ ಕಣ್ ಮುಚ್ಕೊಂಡ್ರಿ?" ಎಂದು ನಡುವೆಯೇ ಕೇಳಿದರು. ನಾನು ಒಂದು ಕಣ್ಣು ತೆರೆದು, "ಮನಸ್ಸು ಆಚೆ ಈಚೆ ಹೋಗ್ಬಾರ್ದು ಅಂತ ಅಮ್ಮ" ಎಂದೆ. "ನಾವು ಲಿಂಗಾನ ಅಂಗೈಲಿ ಇಟ್ಕೊಂಡು ಕಣ್ ಬಿಟ್ಕೊಂಡೇ ನೋಡ್ತೀವಿ. ಆದ್ರೂ ಮನಸ್ಸು ಹೋಗುತ್ತೆ" ಎಂದರು. ಟೀಚರಮ್ಮನಿಗೂ ನಗು ತಡೆಯಲಾಗಲಿಲ್ಲ.

ವಾಕ್ಯ ಮುಗಿಯಿತು. ಜಮಖಾನ ಸುತ್ತಿಟ್ಟು ಹಜಾರದ ಉದ್ದಕ್ಕೂ ಎಲೆ ಹಾಕಿದರು. ಟೀಚರಮ್ಮ ಅಜ್ಜಿಯ ಕೈ ಮುಟ್ಟಿ, ತಾನು ಊಟ ಮಾಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ, ಒಂದು ಬಾಳೆಹಣ್ಣು ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. ನಾವು ಸಾಲಾಗಿ ಕೂತೆವು. ಉಪ್ಪು, ಕೋಸಂಬರಿ, ಪಲ್ಯ ಬಂತು. ಅಕ್ಕ ಅನ್ನದ ಪಾತ್ರೆ ಹಿಡಿದು ಸಾಲಿನ ಮೊದಲಲ್ಲಿದ್ದ ಪ್ರೆಸ್ ಅಂಕಲ್ ಮುಂದೆ ಬಗ್ಗಿದರು. ಆಗ ಅಜ್ಜಿ ಮಂಚದಿಂದ ಹೇಳಿದರು.

"ಧೈರ್ಯವಾಗಿ ಊಟ ಮಾಡಿ. ಇನ್ನೂ ಎಡೆ ಮಾಡಿಲ್ಲ, ಪೂಜೆನೂ ಮಾಡಿಲ್ಲ. ನೀವು ಹೋದ್ಮೇಲೆ ನಾನು ಬೇರೆ ಅಕ್ಕಿ ಇಟ್ಕೋತೀನಿ."

ಸಂಜೆಯ ಪೂಜೆ ಆಗದೆ ಒಂದು ತೊಟ್ಟು ನೀರೂ ಮುಟ್ಟದ ಹೆಂಗಸು ಆಕೆ. ಆ ಮನೆಯಲ್ಲಿ ಬಹುಶಃ ಮೊದಲ ಸಲ ದೇವರಿಗಿಂತ ಮೊದಲು ನೆಂಟರಿಗೆ ಬಡಿಸಿದ್ದರು, ನಾವು ಮತ್ತೆ ಎದ್ದುಹೋಗಬಾರದೆಂದು.

ಪ್ರೆಸ್ ಅಂಕಲ್ ಎಲೆಯ ಹತ್ತಿರ ಇಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅಕ್ಕನ ಕೈಯಲ್ಲಿ ಅನ್ನದ ಸೌಟು ಹಾಗೇ ನಿಂತಿತು. ಈ ಮನುಷ್ಯ ಮತ್ತೆ ಏಳುತ್ತಾನೆ ಎಂದುಕೊಂಡೆ.

ಅವರು ಏಳಲಿಲ್ಲ. "ಅಮ್ಮ, ನೀವು ಪೂಜೆ ಮುಗಿಸ್ಕೊಂಡು ಬನ್ನಿ. ಹೇಗೆ ಮಾಡ್ತೀರೋ ಹಾಗೇ ಎಡೆ ಮಾಡಿ. ನಾವು ಕಾಯ್ತೀವಿ. ನೀವು ಬಂದು ಕೂತ ಮೇಲೆ ಊಟ ಮಾಡ್ತೀವಿ" ಎಂದರು.

ಅಜ್ಜಿ ಅವರನ್ನೇ ನೋಡಿದರು. ಮಂಚದಿಂದಿಳಿದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅಕ್ಕ ಅನ್ನದ ಪಾತ್ರೆಯನ್ನು ಅವರ ಹಿಂದೆ ತೆಗೆದುಕೊಂಡು ಹೋದರು. ಅಜ್ಜಿ ನಮಗಾಗಿ ಅವಸರ ಮಾಡಲಿಲ್ಲ. ಒಳಗಿಂದ ಸಣ್ಣಗೆ ಮಂತ್ರ ಕೇಳುತ್ತಿತ್ತು, ಗಂಟೆ ಕೇಳಿತು. ನಾವು ಎಲೆಯ ಮುಂದೆ ಸುಮ್ಮನೆ ಕೂತಿದ್ದೆವು. ಅಂಕಲ್ ಕಣ್ಣು ಮುಚ್ಚಿರಲಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದರು.

ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದ ಅಜ್ಜಿಗೆ ಅಂಕಲ್ ಪಕ್ಕದಲ್ಲೇ ಒಂದು ಮಣೆ ಹಾಕಿ ಎಲೆ ಹಾಕಿದರು. ಅಕ್ಕ ಬಡಿಸಿದರು. ಅಂಕಲ್ ತಲೆ ಬಗ್ಗಿಸಿ ತಮ್ಮ ದೇವರಿಗೆ ಸ್ತೋತ್ರ ಹೇಳಿ, ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಅಕ್ಕ ಸೆರಗಿನಲ್ಲಿ ಮುಖ ಒತ್ತಿಕೊಂಡು ಅತ್ತರು, ಯಾರೂ ಸುಮ್ಮನಿರು ಎನ್ನಲಿಲ್ಲ. ನನಗೂ ಕಣ್ಣು ತುಂಬಿತು, ಸಾರು ಖಾರ ಎಂದು ಪಕ್ಕದವರಿಗೆ ಹೇಳಿದೆ. ಅಂಕಲ್ ಒಬ್ಬಟ್ಟು ಮುಗಿಸಿ, "ಇನ್ನೊಂದು ಹಾಕಮ್ಮ" ಎಂದು ತಾವಾಗಿ ಕೇಳಿ ಹಾಕಿಸಿಕೊಂಡರು.

ಒಬ್ಬೊಬ್ಬರದೇ ಊಟ ಮುಗಿಯಿತು. ಅಂಕಲ್ ಎಲೆ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು, ಆದರೂ ಕೂತೇ ಇದ್ದರು. ಸಾಲಿನ ಹಿರಿಯರು ಏಳದೆ ನಾವು ಏಳುವಂತಿಲ್ಲ, ಹಾಗಾಗಿ ನಾವೂ ಕೂತಿದ್ದೆವು. ಹಲ್ಲಿಲ್ಲದ ಅಜ್ಜಿ ನಿಧಾನವಾಗಿ ಮಜ್ಜಿಗೆ ಅನ್ನ ಮುಗಿಸಿದರು. ಆಮೇಲೆ ಆ ಸಂಜೆ ಮೊದಲ ಸಲ ಅಂಕಲ್ ಕಡೆ ತಿರುಗಿ ಮಾತಾಡಿದರು.

"ಏಳಿ ಇನ್ನು, ಕೈ ಒಣಗ್ತಿದೆ."

"ನೀವು ಮೊದಲು ಏಳಿ ಅಮ್ಮ" ಎಂದರು ಅಂಕಲ್.